ರೋಬಸ್ಟಾ

ಇಪ್ಪತ್ತೆರಡು ವರ್ಷದಿಂದ ನನ್ನ ಓದು ಇದೇ:
ಕರುವಿನ ಬಿಳಿ ಭೇದಿ, ಹಂದಿಮರಿಯ ಹಳದಿ,
ಜಂತು ಬಿದ್ದ ಆಡಿನ ಹಿಕ್ಕೆ, ಕೋಳಿಯ ಸುಣ್ಣದ ನೀರು.
ಡಾಕ್ಟರು ಬಾಗಿಲಲ್ಲೇ ಕೇಳುತ್ತಾರೆ,
"ಏನು ಮೊಯ್ದು, ಯಾವ ಬಣ್ಣ?"
ಹೇಳುತ್ತೇನೆ. ಅವರು ಚೀಟಿ ಬರೆಯುತ್ತಾರೆ.
ಊಟದ ಹೊತ್ತಿಗೆ ಈ ಮಾತು ಎತ್ತಬಾರದೆಂದು
ಬೀಪಾತು ಮದುವೆಯಾದ ವರ್ಷವೇ ಆಣೆ ಮಾಡಿಸಿಕೊಂಡಿದ್ದಾಳೆ.

ಮಾಲ್ದಾರೆಗೆ ಡಾಕ್ಟರು ಬರುವುದು ಮಂಗಳವಾರ, ಶುಕ್ರವಾರ.
ಬೋಜಿ ಬಂದದ್ದು ಬುಧವಾರ, ಸಂಜೆ ಐದೂವರೆಗೆ,
ಐದನೇ ಕ್ಲಾಸಿನ ಯೂನಿಫಾರ್ಮಿನಲ್ಲೇ,
ಕಾಫಿ ಕುಯ್ಯುವ ಚೀಲದೊಳಗೆ ಎರಡು ತಿಂಗಳ ಮರಿ.
ಚೀಲದ ಬಾಯಿ ಬಿಚ್ಚುವ ಮೊದಲೇ ಗೊತ್ತಾಯಿತು.
ಆ ವಾಸನೆ ಇನ್ನಾವುದಕ್ಕೂ ಇಲ್ಲ.
ತುಕ್ಕು ಹಿಡಿದ ಕತ್ತಿಯನ್ನು ಕೊಳೆತ ಹಲಸಿನಲ್ಲಿ ಅದ್ದಿದಂತೆ,
ಅಷ್ಟೂ ಅಲ್ಲ, ಅದಕ್ಕಿಂತ ಸಿಹಿ.
ಪಾರ್ವೋ.

"ಹೆಸರೇನು ಇದಕ್ಕೆ?"
"ರೋಬಸ್ಟಾ. ಅರೇಬಿಕಾ ಮೊನ್ನೆ ಸತ್ತೋಯ್ತು."

ಲೈನಿನ ಮಕ್ಕಳು ಇಟ್ಟ ಹೆಸರು.
ನಗು ಬಂತು, ತಡೆದೆ.
ಅರೇಬಿಕಾ ನಾಜೂಕು, ಕೊರಕ ಹೊಕ್ಕರೆ ಗಿಡವೇ ಹೋಯಿತು,
ರೋಬಸ್ಟಾ ಹೇಗೋ ತಾಳುತ್ತದೆ, ಇದು ಇಲ್ಲಿ ಎಲ್ಲರೂ ಹೇಳುವ ಮಾತು.
ತುಟಿ ಎತ್ತಿ ನೋಡಿದೆ, ಒಸಡು ಬಿಳುಚಿತ್ತು.
ಕತ್ತಿನ ಚರ್ಮ ಎಳೆದು ಬಿಟ್ಟೆ,
ಡೇರೆಯಂತೆ ಹಾಗೇ ನಿಂತಿತು.

ಡಾಕ್ಟರು ಸಿದ್ದಾಪುರದ ಆಚೆ. ನಡುವೆ ರಸ್ತೆಯಲ್ಲಿ
ಮರಿ ಕಟ್ಟಿಕೊಂಡ ಹೆಣ್ಣಾನೆ, ಜೊತೆಗೆ ಇನ್ನು ನಾಲ್ಕು.
"ಬರೋಕಾಗಲ್ಲ ಮೊಯ್ದು. ಡ್ರಿಪ್ ಬಾಟಲಿ ಇದೆಯಾ?
ನಿಧಾನ ಬಿಡು. ಬೆಚ್ಚಗಿಡು.
ಈ ವೈರಸ್ಸಿಗೆ ಔಷಧಿ ಇಲ್ಲ, ನಿನಗೆ ಗೊತ್ತಲ್ಲ.
ಹೋದಷ್ಟು ನೀರು ವಾಪಸು ಕೊಡು, ಅಷ್ಟೇ."

ಮುಂಗಾಲಿನ ನರ ನೂಲಿನಷ್ಟು. ಮೂರನೇ ಸಲಕ್ಕೆ ಸಿಕ್ಕಿತು.
ಕಾಲುಬಾಯಿ ಜ್ವರದ ಪೋಸ್ಟರಿನ ಮೊಳೆಗೆ ಬಾಟಲಿ ತೂಗುಹಾಕಿದೆ.
"ಅವ್ವ ನಿನ್ನೆ ಓಆರ್‌ಎಸ್ ಕುಡಿಸಿದ್ಳು," ಅಂದಳು ಬೋಜಿ,
"ತಮ್ಮಂಗೆ ಆಶಾ ಅಕ್ಕ ಕೊಟ್ಟದ್ರಲ್ಲಿ ಉಳಿದಿತ್ತು."
"ತಮ್ಮ ಹೇಗಿದ್ದಾನೆ?"
"ಗಂಜಿ ಕುಡೀತಾನೆ. ಇದು ಕುಡಿಯಲ್ಲ."

ಲಸಿಕೆ ಹಾಕಿಸಿದ್ದರೆ, ಎಂದು ಬಾಯಿಗೆ ಬಂತು.
ನಮ್ಮ ಫ್ರಿಜ್ಜಿನಲ್ಲಿರುವುದು ಹುಚ್ಚುನಾಯಿಯದು ಮಾತ್ರ.
ಇದರದು ಪೇಟೆಯ ಅಂಗಡಿಯಲ್ಲಿ,
ಒಂದಕ್ಕೆ ಅವಳವ್ವನ ಒಂದು ದಿನದ ಕೂಲಿ, ಮೇಲೆ ಬಸ್ಸಿನ ಕಾಸು.
ನುಂಗಿಕೊಂಡೆ.

ಏಳಕ್ಕೆ ಅವಳವ್ವ ಟಾರ್ಚು ಹಿಡಿದು ಹುಡುಕಿ ಬಂದಳು.
ಹಿಂದೆಯೇ ತೋಟದಲ್ಲಿ ಆನೆ ಕೂಗಿತು.
ಹೀಗಾಗಿ ಆ ರಾತ್ರಿ ನಾವು ಮೂವರೂ ಆಸ್ಪತ್ರೆಯಲ್ಲೇ,
ಮರಿಯ ಎರಡೂ ಬದಿ ಬಿಸಿನೀರು ತುಂಬಿದ ಖಾಲಿ ಬಾಟಲಿ.
ಒಂದು ಗಂಟೆಗೆ ರಕ್ತ ಹೋಯಿತು. ಎರಡೂವರೆಗೆ ಮತ್ತೆ.
ಹಳೇ ಪೇಪರಿನಲ್ಲಿ ಒರೆಸಿದೆ, ಬ್ಲೀಚಿಂಗ್ ಪುಡಿ ಚೆಲ್ಲಿದೆ.
ಬೋಜಿ ಎಚ್ಚರಾಗಿಯೇ ಇದ್ದಳು.
"ಈ ಕಾಯಿಲೆ ನೆಲದಲ್ಲಿ ಎಷ್ಟು ದಿನ ಬದುಕುತ್ತೆ?"
"ವರ್ಷ. ಒಂದೊಂದ್ಸಲ ಜಾಸ್ತಿ."
"ಅದಕ್ಕೆ ಯಾರು ಊಟ ಹಾಕ್ತಾರೆ?"

ಉತ್ತರ ನನ್ನಲ್ಲಿರಲಿಲ್ಲ. ಹನಿ ಎಣಿಸಿದೆ.

ಬೆಳಗ್ಗೆ ಗೇಟಿನ ಹೊರಗೆ ಬುಟ್ಟಿಯಷ್ಟು ಆನೆ ಲದ್ದಿ,
ಇನ್ನೂ ಹಬೆಯಾಡುತ್ತಿತ್ತು.
ಅಭ್ಯಾಸ ನೋಡಿ, ಕಡ್ಡಿ ಹಿಡಿದು ಬಗ್ಗಿದೆ:
ನಾರು, ಸಿಪ್ಪೆ, ಮುಕ್ಕಾಗದ ಹಲಸಿನ ಬೀಜ.
ಒಳಗೆ ಮರಿ ತಲೆ ಎತ್ತಲಿಲ್ಲ. ಬಾಲದ ತುದಿ ಮಾತ್ರ
ಒಮ್ಮೆ, ಅನುಮಾನದಲ್ಲೇ, ಅಲುಗಿತು.
ಮತ್ತೆ ಎರಡು ಬಾಟಲಿ. ಶುಕ್ರವಾರ ಡಾಕ್ಟರು ನೋಡಿ
ಹೂಂ ಅಂದರು, ಏನೂ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಮನೆ ಬಾಗಿಲಿಗೇ ಬಂದಳು ಬೋಜಿ,
ಮೂರು ಮೈಲಿ ನಡೆದು, ಕೈಯಲ್ಲಿ ಕೆಸುವಿನೆಲೆಯ ಪೊಟ್ಟಣ.
ಬಿಚ್ಚಿದಳು. ಗಟ್ಟಿ. ಬೆರಳಿನಷ್ಟುದ್ದ.
ಒಂದು ಬಿರುಕೂ ಇಲ್ಲ.
ಚಿನ್ನ ನೋಡಿದವನಂತೆ ನೋಡಿದೆ, ಸುಳ್ಳೇಕೆ.
ಕೈ ತೊಳೆದು, ಅವಳಿಗೂ ತೊಳೆಸಿ ಒಳಗೆ ಬಂದರೆ
ತಟ್ಟೆಯಲ್ಲಿ ಪತ್ತಿರಿ, ಮೀನು ಸಾರು.
ಆಣೆ ನೆನಪಿತ್ತು. ತಡೆಯಲಾಗಲಿಲ್ಲ,
"ಬೀಪಾತು, ಮರಿ ಗಟ್ಟಿಯಾಗಿ ಹೋಗಿದೆ" ಅಂದೆ.

ಸೌಟು ಕೆಳಗಿಟ್ಟಳು. ನನ್ನನ್ನು ನೋಡಿದಳು,
ಬಾಗಿಲಲ್ಲಿ ನಿಂತ ಹುಡುಗಿಯನ್ನು ನೋಡಿದಳು,
ಇನ್ನೊಂದು ತಟ್ಟೆ ತೆಗೆಯುತ್ತ ಕೇಳಿದಳು:
"ಯಾವ ಬಣ್ಣ?"