ಹಿಂಬದಿಯಲ್ಲಿ, ಪೆನ್ಸಿಲಿನಿಂದ

ಬೆಂಗರೆ ಕಡವಿನಲ್ಲಿ ಟಿಕೇಟು ಹರಿಯುವವಳು ನಾನು.
ದಿನಕ್ಕೆ ನಲ್ವತ್ತು ಸಲ ಹೊಳೆ ದಾಟುತ್ತೇನೆ,
ಎಲ್ಲಿಗೂ ಹೋಗುವುದಿಲ್ಲ.

ಕ್ಯಾಮೆರಾ ಸಿಪ್ರಿಯನ್ ಮಾಸ್ಟ್ರದ್ದು.
ಸ್ಟುಡಿಯೋ ಮುಚ್ಚುವಾಗ ಮೂರು ಕಂತಿಗೆ ಕೊಟ್ಟರು,
ಕೊನೆಯ ಕಂತು ಬಂಗುಡೆಯಲ್ಲಿ ಸಂದಾಯ.
ಪಟ್ಟಿಯ ಕೊಕ್ಕೆ ಹೋಗಿದೆ,
ಸೀರೆಯ ಪಿನ್ನು ಹಾಕಿದ್ದೇನೆ.

ಮೊದಲ ವರ್ಷ ಬರೀ ಸೂರ್ಯ.
ಮುಳುಗುವ ಸೂರ್ಯ, ಮುಳುಗಿದ ಸೂರ್ಯ,
ತೆಂಗಿನ ಗರಿಗೆ ಸಿಕ್ಕಿಕೊಂಡ ಸೂರ್ಯ,
ಅತ್ತಿಗೆಯ ಮಗನ ಅಂಗೈಯಲ್ಲಿ ಲಾಡಿನ ಹಾಗೆ ಕೂತ ಸೂರ್ಯ.
ನೋಡಿದವರೆಲ್ಲ ಸೂಪರ್ ಅಂದರು.
ಮಾಸ್ಟ್ರು ಮಾತ್ರ ಕನ್ನಡಕ ಹಣೆಗೇರಿಸಿ,
"ಎಂತ ಮಾರಾಯ್ತಿ, ನಿನ್ನ ಸಮುದ್ರ ಎಡಕ್ಕೆ ವಾಲಿದೆ.
ಇನ್ನೊಂದು ಗಳಿಗೆ ಬಿಟ್ಟರೆ
ನೀರೆಲ್ಲ ಕೇರಳಕ್ಕೆ ಚೆಲ್ಲಿಹೋದೀತು."

ಆಮೇಲೆ ಒಳ್ಳೆಯದಾಯಿತೆಂದಲ್ಲ,
ಕೆಟ್ಟದ್ದು ಕಾಣತೊಡಗಿತು.
ಮದುಮಗಳ ತಲೆಯಿಂದ ಕೊಂಬಿನಂತೆ ಎದ್ದ ಲೈಟುಕಂಬ,
ಅರ್ಧಕ್ಕೆ ಕಡಿದ ನಾಯಿ,
ನನ್ನದೇ ನೆರಳು ಕರೆಯದೆ ಬಂದು ಕೂತದ್ದು.
ಎಂಟುನೂರು ಚಿತ್ರ ಅಳಿಸಿದ ರಾತ್ರಿ
ಹಸಿವಾಗಿ ಎದ್ದು ತಂಗಳು ಗಂಜಿ ಉಂಡೆ.
ಉಪ್ಪಿನಕಾಯಿಯ ರಸದ ಮೇಲೆ ಬಲ್ಬಿನ ಬೆಳಕು ಬಿದ್ದದ್ದು ಕಂಡು
ಕೈ ತೊಳೆಯದೆ ಕ್ಯಾಮೆರಾ ಹುಡುಕಿದೆ.

ಬೆಳಕಿಗೆ ಇಲ್ಲಿ ಅದರದ್ದೇ ವೇಳಾಪಟ್ಟಿ.
ಆರೂಮುಕ್ಕಾಲರ ಬೋಟಿಗೆ ಅದು ಪಾಸಿದ್ದ ಪ್ರಯಾಣಿಕ,
ಬುಟ್ಟಿಗಳ ನಡುವೆ ಜಾಗ ಮಾಡಿಕೊಂಡು
ಬೂತಾಯಿಯ ಬೆನ್ನು ಸವರುತ್ತದೆ.
ಹತ್ತೂವರೆಗೆ ಅದಕ್ಕೆ ಸಿಟ್ಟು,
ಆಗ ತೆಗೆದ ಮುಖಗಳಲ್ಲಿ ಕಣ್ಣಿನ ಬದಲು ಎರಡು ಗುಂಡಿ.
ಅಳಿವೆ ಬಾಗಿಲಲ್ಲಿ ಮೋಡ ಕಟ್ಟಿದ ದಿನ
ಹಂಚಿನ ಕೆಂಪು ತಾನಾಗಿ ಮಾತಾಡುತ್ತದೆ.
ಇದು ಯಾರೂ ಹೇಳಿಕೊಟ್ಟದ್ದಲ್ಲ,
ಚಿಲ್ಲರೆ ಎಣಿಸುತ್ತ ಎಣಿಸುತ್ತ ಕಲಿತದ್ದು.

ದಕ್ಕೆಯ ಗೋಡೆಗೆ ಒರಗಿ ಇದಿನಬ್ಬ ಬ್ಯಾರಿಗಳು ಬಲೆ ಹೆಣೆಯುವುದನ್ನು
ಹನ್ನೊಂದು ದಿನ ತೆಗೆದೆ.
ಮೊದಲ ದಿನ ಟೊಪ್ಪಿ ಸರಿಮಾಡಿ ನಕ್ಕರು.
ಮೂರನೆಯ ದಿನ ನಗಲಿಲ್ಲ.
ಆರನೆಯ ದಿನ, "ಟಿಕೇಟಿನ ಕೆಲಸ ಬಿಟ್ಟೆಯಾ?" ಎಂದರು.
ಹನ್ನೊಂದನೆಯ ದಿನ ನಾನಿರುವುದೇ ಮರೆತರು.
ಆಗ ಹೆಬ್ಬೆರಳು ನೂಲನ್ನು ಹಿಂದಕ್ಕೆಳೆಯಿತು,
ಉಗುರಿನ ಸೀಳಿನಲ್ಲಿ ಒಂದೆಳೆ ಹಸಿರು.
ಉಸಿರು ಹಿಡಿದೆ, ಒತ್ತಿದೆ.
ಒಂದೇ ಒಂದು.

ಪ್ರತಿ ತೆಗೆಸಿ ಕೊಟ್ಟಾಗ
ಅವರು ತಮ್ಮ ಕೈಯನ್ನು ನೋಡಲಿಲ್ಲ,
ಬೆಳಕಿನ ಸುದ್ದಿ ಎತ್ತಲಿಲ್ಲ.
ಚಿತ್ರವನ್ನು ಮೂಗಿನ ತನಕ ತಂದು
ಬೆರಳಿಟ್ಟು ಹೇಳಿದರು:
"ಇದು ನನ್ನ ಗಂಟು.
ಒಂದು ಸುತ್ತು ಹೆಚ್ಚು ಹಾಕುವವ
ಈ ದಕ್ಕೆಯಲ್ಲಿ ನಾನೊಬ್ಬನೇ.
ಅದು ಕಾಣ್ತದೆ ಇದರಲ್ಲಿ."
ಮತ್ತೆ ಕೇಳಿದರು, ಕೈಸಾಲ ಕೇಳುವಷ್ಟು ಮೆಲ್ಲಗೆ,
"ನಿನ್ನ ಗಂಟು ಎಲ್ಲುಂಟು?"

ಬೋಟು ಹಾರ್ನು ಹಾಕಿತು. ಓಡಿದೆ.
ಆ ಸಲ ಒಬ್ಬನಿಗೇ ಎರಡು ಟಿಕೇಟು ಹರಿದೆ,
ಇನ್ನೊಬ್ಬಳಿಗೆ ಚಿಲ್ಲರೆ ಹೆಚ್ಚು ಕೊಟ್ಟೆ.

ಮಾಸ್ಟ್ರು ನೋಡಿ ಬಹಳ ಹೊತ್ತು ಸುಮ್ಮನಿದ್ದು
"ಎಡಗಡೆ ಸ್ವಲ್ಪ ಜಾಗ ಬಿಡಬಹುದಿತ್ತು" ಅಂದರು.
ಬಿಡಬಹುದಿತ್ತು. ನಿಜ.
ಆದರೆ ಬಿಡುವುದಿಲ್ಲ ಎಂದು
ಆ ಹೊತ್ತಿಗೆ ತೀರ್ಮಾನಿಸಿದ್ದವಳು ನಾನೇ.
ಹಾಗೆಂದು ಅವರಿಗೆ ಹೇಳಲಿಲ್ಲ,
ಚಹಾ ಕುಡಿದು ಬಂದೆ.

ಇವತ್ತು ಇನ್ನೊಂದು ಪ್ರತಿ ತರಿಸಿದೆ.
ಮಗುಚಿ, ಟಿಕೇಟಿನ ಕಟ್ಟಿನ ಮೇಲಿಟ್ಟು
ಪೆನ್ಸಿಲಿನಿಂದ ಬರೆದೆ:
ಜಲಜಾಕ್ಷಿ ಕರ್ಕೇರ, ಬೆಂಗರೆ.
ಒತ್ತಿ ಬರೆದೆನೋ ಏನೋ,
ಎದುರು ಬದಿಯಲ್ಲಿ, ಬಲೆಯ ಕಣ್ಣೊಂದರೊಳಗೆ
ಸಣ್ಣ ಉಬ್ಬು ಎದ್ದಿದೆ.
ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ,
ಅದೂ ಆರೂಮುಕ್ಕಾಲರ ಬೆಳಕಿಗೆ.