ಇಪ್ಪತ್ತಮೂರು ತೂತು

ಗೌಂಡಿ ಹುಸೇನಪ್ಪ ಸೋಮವಾರ ಬರತೀನಂದ,
ಮಂಗಳವಾರ ಫೋನ್ ಎತ್ತಲಿಲ್ಲ.
ಗುರುವಾರ ಕುಕನೂರಿನಿಂದ ಚಾಕಿ ಹುಳ ಬರತಾವ,
ಗೋಡಿ ಹೆಂಗಿತ್ತೋ ಹಂಗ ಐತಿ.

ಕಾಂಕ್ರೀಟಿನ ಹುಳದ ಮನಿ, ಗಟ್ಟಿ ಅಂತಾರ ಎಲ್ಲಾರೂ.
ಹೌದು, ಗಟ್ಟಿನೇ.
ಆದ್ರ ಹಲಗಿ ಬಿಗದ ತಂತಿ ಎಳಕೊಂಡಲ್ಲೆಲ್ಲಾ ಒಂದೊಂದು ಕಂಡಿ,
ಲೈಟಿನ ವೈರಿಗೆ ಕೊರದದ್ದು ಒಂದು,
ನೀರಿನ ಪೈಪಿಗೆ ಇಲ್ಲೊಂದು ಕೊರದು,
ಬ್ಯಾಡಂದು ಅಲ್ಲೊಂದು.
ಕಡ್ಲಿಕಾಳು ಹಿಡಿಯೂವಷ್ಟು ಕೆಲವು,
ಬೆರಳು ಹೋಗೂವಷ್ಟು ಕೆಲವು.

ಊಜಿ ನೊಣಕ್ಕ ಅಷ್ಟು ಸಾಕು.
ಹೋದ ಬೆಳಿಯಾಗ ಹುಳದ ಬೆನ್ನ ಮ್ಯಾಲೆ
ಮೊದಲ ಬಿಳಿ ಚುಕ್ಕಿ, ಆಮ್ಯಾಲೆ ಕರಿ ಚುಕ್ಕಿ.
ನಾಕು ಜ್ವರ ದಾಟಿದ್ವು, ಹಣ್ಣಾದ್ವು,
ಚಂದ್ರಿಕ್ಯಾಗ ಗೂಡೂ ಕಟ್ಟಿದ್ವು.
ಪ್ಯಾಟ್ಯಾಗ ರೀಲರೊಬ್ಬ ಒಂದು ಗೂಡು ಬೆಳಕಿಗೆ ಹಿಡದು
ತುದಿಯೊಳಗಿನ ತೂತು ತೋರಿಸಿದ.
ನೂಲು ಎಲ್ಲಿಂದ ಶುರು ಮಾಡ್ಲಿ ಅಕ್ಕಾ, ಅಂದ.
ಬೈಲಿಲ್ಲ. ಬೈದಿದ್ರ ಛಲೋ ಇತ್ತು.

ಅದಕ್ಕ ಇವತ್ತು ಮಟಮಟ ಮಧ್ಯಾಹ್ನ
ಕಿಟಕಿಗೆಲ್ಲಾ ತಾಡಪತ್ರಿ ಇಳಿಬಿಟ್ಟು,
ನೆಗೆಣ್ಣಿ ಮಗಳ ಕೈಗೆ ಸುಣ್ಣದ ತುಂಡು ಕೊಟ್ಟು,
ಬಾಗಿಲಾ ಹಾಕ್ಕೊಂಡು ಒಳಗ ನಿಂತೆ.
ಅಕಿ ಹೆಸರು ಗವಿಸಿದ್ದಮ್ಮ.
ಕತ್ತಲಂದ್ರ ಆಗೂದಿಲ್ಲ.
ಒಂದು ಕೈಯಾಗ ನನ್ನ ಸೆರಗು,
ಇನ್ನೊಂದರಾಗ ಸುಣ್ಣ,
ಬೆಳಕು ತೂರಿದಲ್ಲೆಲ್ಲಾ ಸುತ್ತು ಬರಕೋತ ಹೊಂಟಳು.
ಒಂದು ಬೆಳಕು ಅಕಿ ಲಂಗದ ಮ್ಯಾಲೆ ಬಿದ್ದಿತ್ತು,
ಅದಕ್ಕೂ ಒಂದು ಸುತ್ತು ಹಾಕಿದಳು.
ಲಂಗ ಬಿಟ್ಟು ಇಪ್ಪತ್ತಮೂರು.

ಉಸುಕು ಸೊಳ್ಳಿ ಪರದ್ಯಾಗ ಸೋಸಿದೆ.
ಹಳೇ ಹಲ್ಲಿನ ಬ್ರಶ್ಶಿಲೆ ತೂತಿನ ಧೂಳು ಕೆದರಿದೆ.
ತೂತಿಗೆ ಮೊದಲ ನೀರು ಕುಡಿಸಬೇಕು;
ನೀರಡಿಸಿದ ಗೋಡಿ ಸಿಮೆಂಟಿನ ನೀರು ಕುಡದು
ಮರುದಿನ ಬಿರಡಿ ಉಗುಳತೈತಿ.
ಇದು ಹುಸೇನಪ್ಪನ ಮಾತು.
ಮಾತು ಬಂತು, ಮನಷಾ ಬರಲಿಲ್ಲ.
ತಾಪಿ ದೊಡ್ಡದಾತು, ಹೆಬ್ಬೆಟ್ಟಿಲೆ ಒತ್ತಿದೆ.
ನನಗ ಸಹಿ ಬರತೈತಿ,
ಆದ್ರ ಈ ಗೋಡಿಗೆ ಹೆಬ್ಬೆಟ್ಟೇ ಸರಿ.

ನನ್ನ ಮೂಗಬಟ್ಟು
ಹಿಪ್ಪನೇರಳೆ ಸೊಪ್ಪು ಕೊಯ್ಯೂವಾಗ ಕಳದು ಎರಡು ತಿಂಗಳಾತು.
ಬೇವಿನ ಕಡ್ಡಿ ಇಡು ಇಡು ಅಂದ್ಲು ಅತ್ತಿ, ಮರತೆ.
ಈಗ ಮುಟ್ಟಿ ನೋಡಿದ್ರ ತೂತೇ ಇಲ್ಲ.
ಮೈ ಯಾವ ಗೌಂಡಿಗೂ ಫೋನ್ ಮಾಡಿರಲಿಲ್ಲ.

ಹತ್ತೊಂಬತ್ತು ಮುಗದಿದ್ವು.
ಮೂಲಿಯಾಗ ಬೆರಳಿಗೆ ಇನ್ನೊಂದು ಸಿಕ್ತು,
ಸುಣ್ಣದ ಸುತ್ತಿಲ್ಲ, ಬೆಳಕಿಲ್ಲ.
ಹೊರಗ ಹೋಗಿ ನೋಡಿದೆ.
ಎರಿಮಣ್ಣು, ನುಣ್ಣಗ,
ಅಂಚಿಗೆ ಕೂದಲೆಳಿ ಬಿರುಕೂ ಇಲ್ಲ.
ಕುಂಬಾರ ಹುಳ.
ನನಗಿಂತ ಮೊದಲ ಬಂದು ಕೆಲಸ ಮುಗಿಸಿ ಹೋಗ್ಯಾಳ.
ಒಳಗೇನಿರತೈತಿ ಗೊತ್ತು ನನಗ:
ಒಂದು ತತ್ತಿ,
ಅದರ ಊಟಕ್ಕ, ಜೀವ ಇದ್ದೂ ಹಂದದ
ನಾಕೈದು ಹಸರ ಹುಳ.
ಅಕಿನೂ ಹುಳ ಕೂಡಿಟ್ಟಾಳ.
ಊಜಿಗೆ ಹತ್ತರದಾಕಿನೋ, ನನಗ ಹತ್ತರದಾಕಿನೋ,
ಬಿಸಲಾಗ ಉಳಿ ಹಿಡಕೊಂಡು ನಿಂತು
ತಿಳೀಲೇ ಇಲ್ಲ.
ಮರಿ ಹೊರಬಿದ್ದ ದಿನ ಆ ಮಣ್ಣು ಒಡಿಯೂದು ಖರೆ.

ಒಳಗಿನಿಂದ ಎರಡು ಬೆರಳು ಸಿಮೆಂಟು ತುಂಬಿದೆ.
ಹೊರಗಿನ ಬಾಗಿಲಾ ಅಕಿದು.
ಅದೊಂದಕ್ಕ ಮಾತ್ರ ನೀರು ಕುಡಿಸಲಿಲ್ಲ,
ಮಣ್ಣು ಕರಗೀತಂತ.
ನಾಳಿ ಉದುರಿದ್ರ ಮತ್ತ ಮೆತ್ತತೀನಿ.

ನಾಕು ಗಂಟೆಕ್ಕ ಮತ್ತ ಒಳಗ ಹೊಕ್ಕು ಬಾಗಿಲಾ ಹಾಕಿದ್ವಿ.
ನನ್ನ ಕೈ ನನಗ ಕಾಣವಲ್ದು, ಅಂದಳು ಗವಿಸಿದ್ದಮ್ಮ,
ಅಂಜಿ ಅಂದಳೋ, ಹಿಗ್ಗಿ ಅಂದಳೋ.
ಹಸಿ ಸಿಮೆಂಟಿನ ವಾಸನಿ.
ಅಗಳಿ ಸರಿಸಿದೆ, ಬಿಸಲು ದಬಾಕಂತ ಒಳಗ ಬಿತ್ತು.
ಅಕಿ ಮ್ಯಾಲಿಂದ ಕೆಳಗಿನ ತನಕ ಬಾಗಿಲಾ ನೋಡಿ
ಉಳದ ಸುಣ್ಣದ ತುಂಡು ಎತ್ತಿದಳು:
ಚಿಗವ್ವಾ, ಇದಕ್ಕೆಷ್ಟು ಉಸುಕು ಬೇಕಾಗತೈತಿ?