ಭಾನುವಾರಕ್ಕೆ

"ಕಪ್ಪು ಚರ್ಮದ ಮೇಲೆ ಏನಮ್ಮ ಕಾಣುತ್ತೆ?"
ಅಂದಿದ್ದರಂತೆ ಬಾಲ್ಟಿಮೋರ್ ಬಂದರಿನ ಹಚ್ಚೆಯಂಗಡಿಯವರು.
ವರ್ನೆಲ್ಲಾ ಒಂದಿಡೀ ಚಳಿಗಾಲ
ಚಕ್ಕೋತದ ಸಿಪ್ಪೆ ಚುಚ್ಚಿದಳು,
ಆಮೇಲೆ ತನ್ನದೇ ತೊಡೆ.

ಈಗ ಕ್ಷೌರದಂಗಡಿಯ ಹಿಂದೊಂದು ಕೋಣೆ,
ಜೀರುಂಡೆಯ ಹಾಗೆ ಸೂಜಿ.

ಬಸ್ಸು ಓಡಿಸುವ ಅಯೋಲಾ ತೋಳು ಚಾಚಿದ್ದಾಳೆ.
ಬೇಕಾದ್ದು ಹೂವಲ್ಲ, ಹದ್ದಲ್ಲ,
ತೀರಿಕೊಂಡ ಅಜ್ಜಿಯ ಕೈಬರಹ,
ಪೀಚ್ ಹಣ್ಣಿನ ಜಾಡಿಗೆ ಅಂಟಿಸಿದ್ದ ಚೀಟಿ:
ಮುಟ್ಟಬೇಡ. ಭಾನುವಾರಕ್ಕೆ.

ವರ್ನೆಲ್ಲಾ ದೀಪ ಓರೆಮಾಡಿ
ತೋಳು ನೋಡುತ್ತಾಳೆ, ಬಹಳ ಹೊತ್ತು.
ಆಳಕ್ಕಿಳಿದರೆ ಗಂಟು ಕಟ್ಟುತ್ತೆ.
ತೇಲಿಸಿದರೆ ಮಾಸುತ್ತೆ.
ಯಾರೂ ಕಲಿಸಿದ್ದಲ್ಲ ಇದು,
ತೊಡೆ ಹೇಳಿದ್ದು.

ಒರೆಸಿದಳು.
ಕಪ್ಪಿನೊಳಗಿಂದ ಕಪ್ಪು ಎದ್ದು ಬಂತು,
ಅಜ್ಜಿಯ ವಕ್ರ ಅಕ್ಷರ, ಅದೇ ಸಿಡುಕು.

ಅಯೋಲಾ ಬೆರಳು ಹತ್ತಿರ ತಂದು
ತಡೆದಳು.
ಇವತ್ತಿನ್ನೂ ಗುರುವಾರ.